ಆಯೇರಿಗೆ ಬಂದ ಸಾಲುಮರ

ಮೊನ್ನೆ ಜೋಳದ ಚೀಲದ ಬಾಯಿ ಕಟ್ಟಲು ಒಂದು ತುಂಡು ದಾರ ಬೇಕೆಂದು ಹೆಂಡತಿ ಕೇಳಿದಳು. ನಿವೃತ್ತನಾದ ಗಂಡಸಿಗೆ ಮನೆಯಲ್ಲಿ ಸಿಗುವ ಕೆಲಸಗಳೆಲ್ಲ ಹೆಚ್ಚು ಕಡಿಮೆ ಈ ಅಳತೆಯವೇ. ಆದ್ದರಿಂದ ನಾನು ಬಹಳ ಹುರುಪಿನಿಂದ ಅಟ್ಟ ಹತ್ತಿದೆ. ಹಳೆಯ ಟ್ರಂಕಿನ ಹಿಂದೆ ಕೈಗೆ ಸಿಕ್ಕಿದ್ದು ಬಿಳಿ ನೈಲಾನ್ ದಾರದ ಒಂದು ಉಂಡೆ. ಬಿಚ್ಚಿ ನೋಡಿದರೆ ಸಮ ಅಂತರದಲ್ಲಿ ಗಂಟುಗಳು, ಪ್ರತಿ ಗಂಟಿಗೂ ಕೆಂಪು ಬಣ್ಣದ ಒಂದು ಬೊಟ್ಟು. ನಾನು ಅಟ್ಟದ ಮೇಲೆಯೇ ಕುಳಿತುಬಿಟ್ಟೆ.

"ದಾರ ಸಿಕ್ತೇನ್ರಿ, ಇಲ್ಲಾ ನೀವ ಕಳದ್ರೇನು?" ಎಂದು ಶಕುಂತಲಾ ಕೆಳಗಿನಿಂದ ಕೇಳಿದಳು. ಸಿಕ್ಕಿದೆ, ಆದರೆ ಇದು ಕತ್ತರಿಸುವ ದಾರವಲ್ಲ ಎಂದೆ. ಯಾವ ದಾರ ಎಂಬುದು ಅವಳಿಗೆ ತಕ್ಷಣ ತಿಳಿಯಿತು. ಅವಳು ನಕ್ಕ ರಭಸಕ್ಕೆ ಹಿಡಿದಿದ್ದ ಚೀಲ ಕೈಬಿಟ್ಟು, ಅಡುಗೆಮನೆ ತುಂಬ ಜೋಳ ಹರಡಿತು. ಆ ಜೋಳವನ್ನು ಆರಿಸುವ ಕೆಲಸವೂ ನನಗೇ ಸಿಕ್ಕಿತು ಎಂಬುದನ್ನು ನೀವು ಊಹಿಸಬಲ್ಲಿರಿ.

ನೀವು ನನ್ನನ್ನು ಅರಿಯಬೇಕಾದರೆ ಒಂದು ಮಾತು ಮೊದಲೇ ಹೇಳಬೇಕು. ನಾನು ಡ್ರಾಯಿಂಗ್ ಮಾಸ್ತರನಾಗಿದ್ದವನು. ಹಾನಗಲ್ಲ, ಹಿರೇಕೆರೂರು, ಸವಣೂರು, ಶಿಗ್ಗಾಂವ ಎಂದು ತಾಲೂಕಿನಿಂದ ತಾಲೂಕಿಗೆ ವರ್ಗವಾಗುತ್ತ ಕರಿಹಲಗೆಯ ಮೇಲೆ ಬದುಕು ಕಳೆದವನು. ನನ್ನ ವಿಷಯದಲ್ಲಿ ಯಾರೂ ಫೇಲಾಗುವುದಿಲ್ಲವಾದ್ದರಿಂದ ನನಗೆ ಯಾವ ವಿದ್ಯಾರ್ಥಿಯೂ ಹೆದರಲಿಲ್ಲ. ಗಣಿತದ ಮಾಸ್ತರರಿಗೆ ಪೋರ್ಶನ್ ಮುಗಿಯದಿದ್ದಾಗ ನನ್ನ ತಾಸು ಅವರದಾಗುತ್ತಿತ್ತು. ಉಳಿದ ತಾಸುಗಳಲ್ಲಿ ನಾನು ಜೀವಮಾನವಿಡೀ ಕಲಿಸಿದ್ದು ಒಂದೇ ಚಿತ್ರ. ಎರಡೂ ಬದಿಗೆ ಮರಗಳಿರುವ ಒಂದು ರಸ್ತೆ. ಹತ್ತಿರದ ಮರ ದೊಡ್ಡದು, ದೂರ ಹೋದಂತೆ ಸಣ್ಣದು, ಕೊನೆಗೆ ರಸ್ತೆ ಮತ್ತು ಮರ ಎಲ್ಲ ಸೇರಿ ಒಂದು ಚುಕ್ಕೆ. ಈ ಚುಕ್ಕೆಯನ್ನು ಇಡುವಾಗ ನನಗೆ ಪ್ರತಿಸಲವೂ ಮೈ ಜುಮ್ಮೆನ್ನುತ್ತಿತ್ತು. ಮಕ್ಕಳಿಗೆ ಏನೂ ಅನ್ನಿಸುತ್ತಿರಲಿಲ್ಲ.

ಹಿರೇಕೆರೂರು ಕಡೆಯ ಶಾಲೆಯೊಂದರಲ್ಲಿ ಒಬ್ಬ ಹುಡುಗಿ ರಸ್ತೆಯನ್ನು ಸರಿಯಾಗಿ ಬರೆದು, ಎರಡೂ ಬದಿಯ ಮರಗಳನ್ನು ಮಲಗಿಸಿಬಿಟ್ಟಿದ್ದಳು. ಬುಡ ರಸ್ತೆಯ ಕಡೆ, ತಲೆ ಹೊಲದ ಕಡೆ. ಹಿಂಗ್ಯಾಕ ಮಲಗ್ಯಾವ ಎಂದು ಕೇಳಿದೆ. ರಸ್ತೆ ಅಗಲ ಮಾಡಾಕತ್ತಾರ್ರಿ ಸರ್, ಎಂದಳು. ಅವಳ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ನಾನು ಪೂರಾ ಅಂಕ ಕೊಟ್ಟೆ. ಪರ್ಸ್ಪೆಕ್ಟಿವ್ ತಪ್ಪಿದ್ದರೂ ವರದಿ ಸರಿಯಾಗಿತ್ತು.

ಈ ಚಿತ್ರದ ಹುಚ್ಚು ನನಗೆ ಹತ್ತಿದ್ದು ಪುಸ್ತಕದಿಂದಲ್ಲ, ಅಂಗಾಲಿನಿಂದ. ನಮ್ಮೂರು ಹಾನಗಲ್ಲ ತಾಲೂಕಿನದು. ಊರಿಗೂ ಶಾಲೆಗೂ ನಡುವೆ ಡಾಂಬರು ರಸ್ತೆ, ಅದರ ಎರಡೂ ಬದಿಗೆ ಹುಣಸೆ ಮರಗಳು. ಶನಿವಾರ ಮುಂಜಾನೆಯ ಶಾಲೆ ಬಿಡುವ ಹೊತ್ತಿಗೆ ಡಾಂಬರು ಮೆತ್ತಗಾಗಿ ಹೊಳೆಯುತ್ತಿತ್ತು. ನಮ್ಮ ಕಾಲಿಗೆ ಚಪ್ಪಲಿ ಎಂಬುದಿರಲಿಲ್ಲ. ಒಂದು ಮರದ ನೆರಳಿನಿಂದ ಇನ್ನೊಂದು ಮರದ ನೆರಳಿಗೆ ಓಡುವುದು, ನಿಂತು ಕಾಲು ಆರಿಸಿಕೊಳ್ಳುವುದು, ಮತ್ತೆ ಓಡುವುದು. ಮನೆ ಮುಟ್ಟುವ ವಿಧಾನ ಅದೊಂದೇ. ನನ್ನ ಅಕ್ಕ ಗಂಗಕ್ಕ ನನಗಿಂತ ಆರೇಳು ವರ್ಷ ದೊಡ್ಡವಳು. ಶಾಲೆ ಬಿಟ್ಟು ಹೊಲಕ್ಕೆ ಹೋಗುತ್ತಿದ್ದವಳು, ನನ್ನನ್ನು ಕರೆತರಲೆಂದೇ ಶನಿವಾರ ಶಾಲೆಯ ತನಕ ಬರುತ್ತಿದ್ದಳು. ಅವಳು ಮೊದಲು ಓಡಿ ಮುಂದಿನ ನೆರಳಿನಲ್ಲಿ ನಿಂತು ಕೈ ಮಾಡುತ್ತಿದ್ದಳು.

"ಓಡಿ ಬಾರೋ ಈರಾ, ಕಾಲು ಸುಡ್ತಾವ."

ನಾನು ಅರ್ಧ ಓಡಿ, ನಟ್ಟನಡು ರಸ್ತೆಯಲ್ಲಿ ಕುಣಿಯುತ್ತ ಅಳಲು ಶುರು ಮಾಡುತ್ತಿದ್ದೆ. ಅವಳು ತಿರುಗಿ ಬಂದು ನನ್ನನ್ನು ಟೊಂಕದ ಮೇಲೆ ಕೂರಿಸಿಕೊಂಡು ನಡೆಯುತ್ತಿದ್ದಳು. ಅವಳಿಗೂ ಕಾಲುಗಳಿವೆ, ಅವೂ ಸುಡುತ್ತವೆ ಎಂಬ ವಿಚಾರ ನನ್ನ ತಲೆಗೆ ಬಂದದ್ದು ನಾನು ಮಾಸ್ತರನಾಗಿ ಚಪ್ಪಲಿ ಕೊಂಡ ಮೇಲೆ. ಹಾಗೆಂದು ಅಕ್ಕನನ್ನು ದೇವತೆ ಎಂದುಕೊಳ್ಳಬೇಡಿ. ಕೊನೆಯ ಹುಣಸೆ ಮರದಲ್ಲಿ ಒಂದು ಹೆಣ್ಣು ದೆವ್ವ ಇದೆಯೆಂದೂ, ಆರಿಸಿದ ಹುಣಸೆಹಣ್ಣಿನಲ್ಲಿ ಅಕ್ಕನಿಗೆ ಅರ್ಧ ಕೊಡದ ತಮ್ಮಂದಿರನ್ನು ಅದು ಹಿಡಿಯುತ್ತದೆಂದೂ ಹೇಳಿ, ವರ್ಷಗಟ್ಟಲೆ ನನ್ನಿಂದ ಪಾಲು ವಸೂಲಿ ಮಾಡಿದವಳು ಅವಳೇ. ಆ ರಸ್ತೆ ಅಗಲವಾಗಿ ಮರಗಳು ಹೋದವು. ದೆವ್ವ ಎಲ್ಲಿಗೆ ವರ್ಗವಾಯಿತೋ ತಿಳಿಯದು. ಅಕ್ಕ ಮಾತ್ರ ಮದುವೆಯಾಗಿ ಅಬಲೂರಿಗೆ ಹೋದಳು.

ನಿವೃತ್ತಿಯ ನಂತರ ನಾನು ಶಿಗ್ಗಾಂವದಿಂದ ದುಂಡಸಿಗೆ ಹೋಗುವ ರಸ್ತೆಯ ಮಗ್ಗುಲಿಗೆ ಒಂದು ಜಾಗ ಕೊಂಡೆ. ರಸ್ತೆಯ ಕಡೆ ಬಾಯಿ ಸಣ್ಣದು, ಒಳಗೆ ಹೋದಷ್ಟೂ ಉದ್ದ. ಸ್ಕೇಲುಪಟ್ಟಿಯ ಆಕಾರದ್ದು ಎಂದರೆ ನಿಮಗೆ ತಿಳಿದೀತು. ಬುದ್ಧಿ ಇರುವವರು ರಸ್ತೆಗೆ ಹತ್ತಿಕೊಂಡೇ ಮನೆ ಕಟ್ಟಿ ಹಿಂದೆ ಹಿತ್ತಲು ಬಿಡುತ್ತಾರೆ. ನಾನು ಮನೆಯನ್ನು ತುದಿಗೆ ಕಟ್ಟಿ, ಹಿಂದೆ ಅಂಗೈಯಷ್ಟು ಹಿತ್ತಲು ಉಳಿಸಿ, ಮುಂದೆ ದಾರಿ ಬಿಟ್ಟೆ. ಯಾಕೆಂದರೆ ನನಗೆ ಬೇಕಾದದ್ದು ಮನೆಯಲ್ಲ, ದಾರಿ. ಗೇಟಿನಿಂದ ಬಾಗಿಲ ತನಕ ಫರ್ಸಿ ಕಲ್ಲಿನ ಕಾಲುದಾರಿ, ಎರಡೂ ಬದಿಗೆ ಹೊಂಗೆ ಮರಗಳ ಸಾಲು, ಮೇಲೆ ಕೊಂಬೆಗಳು ಕೈ ಕೈ ಹಿಡಿದ ಚಪ್ಪರ. ಮಂಡಿ ನೋವಿನ ನನ್ನ ಅಕ್ಕ ಬಸ್ಸಿಳಿದು ಆ ನೆರಳಿನಲ್ಲಿ ನಿಧಾನವಾಗಿ ನಡೆದು ಬರಬೇಕು, ಅವಳ ಕಾಲಿಗೆ ಬಿಸಿಲು ತಾಗಬಾರದು. ಇದೇ ನನ್ನ ಆಸೆ. ಅದನ್ನು ಯಾರ ಮುಂದೆಯೂ ಹೇಳಲಿಲ್ಲ. ಹೇಳಿದ್ದರೆ ಅಕ್ಕನೇ ಮೊದಲು ನಗುತ್ತಿದ್ದಳು.

ಸೋದರಳಿಯ ಫೋನಿನಲ್ಲಿ ಉದ್ಯಾನ ವಿನ್ಯಾಸದ ವಿಡಿಯೋಗಳನ್ನು ತೋರಿಸಿದ. ಅದರಲ್ಲಿದ್ದ ತಜ್ಞರ ಪ್ರಕಾರ ಸಾಲುದಾರಿಯಲ್ಲಿ ಒಂದೇ ಜಾತಿಯ ಮರವಿರಬೇಕು, ಒಂದೇ ಅಂತರವಿರಬೇಕು, ಕೊನೆಯಲ್ಲಿ ಕಣ್ಣು ನಿಲ್ಲಲು ಒಂದು ಸುಂದರ ವಸ್ತುವಿರಬೇಕು, ಕಾರಂಜಿಯೋ ಪ್ರತಿಮೆಯೋ. ನಮ್ಮ ದಾರಿಯ ಕೊನೆಯಲ್ಲಿ ಕಣ್ಣು ನಿಲ್ಲುತ್ತಿದ್ದದ್ದು ಶಕುಂತಲಾ ನೀರು ತುಂಬಿಡುವ ನೀಲಿ ಪ್ಲಾಸ್ಟಿಕ್ ಬ್ಯಾರಲ್ಲಿನ ಮೇಲೆ. ಅದನ್ನು ಸರಿಸೋಣವೇ ಎಂದು ಕೇಳಿದ್ದಕ್ಕೆ, ಕಾರಂಜಿ ತಂದ ದಿನ ಸರಿಸುತ್ತೇನೆ ಎಂದಳು. ನಾನು ಆ ವಿಷಯ ಬಿಟ್ಟು ದಾರಕ್ಕೆ ಗಂಟು ಹಾಕಲು ಕುಳಿತೆ. ಗಂಟು ಇದ್ದಲ್ಲಿ ಗಿಡ ನೆಡುವ ಕುಣಿ, ಕುಣಿ ಇದ್ದಲ್ಲಿ ಹೊಂಗೆ. ದಾರ ಎಳೆದು ಕಟ್ಟಿ, ಒಂದು ಕಣ್ಣು ಮುಚ್ಚಿ ನೋಡಿದಾಗ ಕುಣಿಗಳೆಲ್ಲ ದೂರ ಹೋಗುತ್ತ ಸಣ್ಣವಾಗಿ ಬ್ಯಾರಲ್ಲಿನಲ್ಲಿ ಸೇರುತ್ತಿದ್ದವು. ನನ್ನ ಜೀವನದ ಪರಮಾನಂದ ಅದೇ. ಅದು ಗೃಹಪ್ರವೇಶದ ದಿನದವರೆಗೆ ಇತ್ತು.

ಇಲ್ಲಿ ಆಯೇರಿಯ ವಿಷಯ ಹೇಳದೆ ಮುಂದೆ ಹೋಗಲಾಗದು. ನಮ್ಮ ಕಡೆ ಯಾವ ಕಾರ್ಯವಾದರೂ ಬೀಗರು ಬಿಜ್ಜರು ಬಂದು ಬಟ್ಟೆ ಕೊಡುವುದಕ್ಕೆ ಆಯೇರಿ ಎನ್ನುತ್ತಾರೆ. ಕೊಟ್ಟವರಿಗೆ ಮುಂದೆ ನಾವು ತಿರುಗಿ ಕೊಡಬೇಕು. ಹೀಗಾಗಿ ಯಾರೂ ಉಡದ ಪಂಚೆ, ಯಾರೂ ಹೊಲಿಸದ ಜಂಪರಿನ ಖಣಗಳು ಟ್ರಂಕಿನಿಂದ ಟ್ರಂಕಿಗೆ ಸುತ್ತುತ್ತಲೇ ಇರುತ್ತವೆ. ನಮ್ಮ ಮನೆಯಿಂದ ಹಾನಗಲ್ಲಿನ ಒಂದು ಮದುವೆಗೆ ಹೋದ ಗಿಳಿಹಸಿರು ಖಣವೊಂದು, ಹಿರೇಕೆರೂರು ಸವಣೂರುಗಳನ್ನು ನೋಡಿಕೊಂಡು, ತನ್ನ ಅರಿಷಿಣದ ಕಲೆಯ ಸಮೇತ ಶಕುಂತಲಾಳ ಉಡಿಗೆ ವಾಪಸ್ಸು ಬಂದು ಬಿತ್ತು. ತವರಿಗೆ ಬಂದ ಮಗಳನ್ನು ನೋಡುವಂತೆ ಅವಳು ಅದನ್ನು ನೋಡಿದಳು. ಆಮೇಲೆ ಫೋನ್ ಹಿಡಿದು ನಾಲ್ಕೂ ತಾಲೂಕಿನ ನೆಂಟರಿಗೆ ಹೇಳಿಬಿಟ್ಟಳು. ಗೃಹಪ್ರವೇಶಕ್ಕೆ ಬಟ್ಟಿ ಬ್ಯಾಡ, ಕೊಡೂದಿದ್ರ ಒಂದು ಗಿಡ ತರ್ರಿ.

ಅವಳು ಹಾಗೆ ಹೇಳಿದ್ದು ನನಗೆ ತಿಳಿದದ್ದು ಗೇಟಿನಲ್ಲಿ ಮೊದಲ ಟಂಟಂ ರಿಕ್ಷಾ ಬಂದು ನಿಂತಾಗ. ಹಾನಗಲ್ಲಿನ ಚಿಕ್ಕಪ್ಪ ಆಪೂಸು ಮಾವಿನ ಸಸಿ ಹಿಡಿದು ಇಳಿದರು. ಹಿಂದೆಯೇ ತೆಂಗು, ಪೇರಲ, ಕರಿಬೇವು, ನೇರಳೆ, ಬೇವು, ಪಪ್ಪಾಯಿ ಎಲ್ಲ ಮೆರವಣಿಗೆಯಂತೆ ಬಂದವು. ಶಿಗ್ಗಾಂವದಲ್ಲಿ ಕಿರಾಣಿ ಅಂಗಡಿ ಇಟ್ಟ ನಮ್ಮ ದಾಯಾದಿ ತಮ್ಮನೊಬ್ಬ ಕುಂಡದ ಸಮೇತ ಒಂದು ಪ್ಲಾಸ್ಟಿಕ್ ಗಿಡ ತಂದ. ನೀರು ಹಾಕೂದು ಬ್ಯಾಡ, ಎಂದು ನನ್ನ ಬೆನ್ನು ತಟ್ಟಿದ.

ಬಂದ ಗಿಡಗಳನ್ನು ಹಿಂದಿನ ಹಿತ್ತಲಿನಲ್ಲಿ ನೆಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಆಯೇರಿಯನ್ನು ಎಲ್ಲರ ಕಣ್ಣೆದುರು ಸ್ವೀಕರಿಸಬೇಕು, ಮೂಲೆಗೆ ಎಸೆಯುವಂತಿಲ್ಲ. ಜೊತೆಗೆ ಅದಕ್ಕೊಂದು ಸರದಿ ಇದೆ. ಸೋದರಮಾವನದು ಮೊದಲು, ಚಿಕ್ಕಪ್ಪನದು ಆಮೇಲೆ, ದೂರದವರದು ಕೊನೆಗೆ. ಬಟ್ಟೆಯಾಗಿದ್ದರೆ ಈ ಸರದಿ ಅರ್ಧ ತಾಸಿನಲ್ಲಿ ಮುಗಿದು ಊಟಕ್ಕೆ ಏಳುತ್ತಿದ್ದರು. ಗಿಡವಾದ್ದರಿಂದ ಸರದಿ ನೆಲಕ್ಕೆ ಇಳಿಯಿತು. ಬಾಗಿಲಿಗೆ ಹತ್ತಿರದ ಕುಣಿ ಹತ್ತಿರದ ನೆಂಟರಿಗೆ, ಗೇಟಿನ ಕಡೆಯದು ದೂರದವರಿಗೆ. ಪಪ್ಪಾಯಿ ತಂದವರು ತಾವು ಪೇರಲದವರಿಗಿಂತ ಹತ್ತಿರದವರೆಂದು ವಾದ ಮಾಡಿ ಒಂದು ಕುಣಿ ಮುಂದೆ ಬಂದರು. ನಾನು ನೆಟ್ಟಿದ್ದ ಹೊಂಗೆ ಸಸಿಗಳು ಒಂದೊಂದಾಗಿ ಕಿತ್ತು ಮೇಲೆ ಬಂದವು. ನಾನು ದಾರ ಹಿಡಿದುಕೊಂಡು ಒಂದು ಬದಿಗೆ ನಿಂತಿದ್ದೆ. ಫೋಟೋದಲ್ಲಿಯೂ ಹಾಗೇ ಬಿದ್ದಿದ್ದೇನೆ.

ಅಕ್ಕ ಮಧ್ಯಾಹ್ನದ ಹೊತ್ತಿಗೆ ಬಂದಳು. ಅಬಲೂರಿನಿಂದ ಬಸ್ಸು ಬದಲಿಸುತ್ತ, ಒದ್ದೆ ಗೋಣಿತಾಟಿನಲ್ಲಿ ಸುತ್ತಿದ ನುಗ್ಗಿ ಗಿಡದ ಒಂದು ಗೂಟವನ್ನು ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದಳು. ಹಿರಿಯ ಅಕ್ಕನೆಂಬ ಹಕ್ಕಿನಿಂದ ಬಾಗಿಲ ಪಕ್ಕದ ಕುಣಿ ಅವಳದೇ. ಆದರೆ ಅವಳು ದಾರಿಯುದ್ದಕ್ಕೂ ನಡೆದು ನೋಡಿ, ನಡುವಿನ ಕುಣಿಯ ಹತ್ತಿರ ನಿಂತಳು. ನಡೆದು ಬಂದವರಿಗೆ ಉಸಿರು ತಿರುಗುವುದು ಇಲ್ಲಿ, ನನ್ನದು ಇಲ್ಲೇ ಇರಲಿ ಎಂದಳು. ಸಾಲುದಾರಿಯ ನಟ್ಟನಡುವೆ ನುಗ್ಗಿ! ಯಾವ ವಿಡಿಯೋದಲ್ಲಿಯೂ ನಾನು ಅದನ್ನು ನೋಡಿರಲಿಲ್ಲ. ಅದರ ಎದುರಿನ ಕುಣಿಗೆ ಬಂದದ್ದು ಪ್ಲಾಸ್ಟಿಕ್ ಗಿಡ.

ಹೀಗೆ ನನ್ನ ಸಾಲುಮರ ಬೆಳೆಯಿತು. ಗೇಟಿನ ಬಳಿಯ ಪಪ್ಪಾಯಿ ವರ್ಷದೊಳಗೆ ಬಾಗಿತು. ತೆಂಗು ಮನಸ್ಸು ಮಾಡಲಿಲ್ಲ. ಮಾವು ಅಡ್ಡಡ್ಡ ಹರಡಿತು, ಬೇವು ಮುಗಿಲಿಗೆ ಹೋಯಿತು. ಬಾಗಿಲಲ್ಲಿ ನಿಂತು ನೋಡಿದರೆ ಹತ್ತಿರದ್ದು ಸಣ್ಣದು, ದೂರದ್ದು ದೊಡ್ಡದು. ನಾನು ಜೀವಮಾನವಿಡೀ ಕಲಿಸಿದ ಚಿತ್ರವನ್ನು ಯಾರೋ ತಲೆಕೆಳಗೆ ಹಿಡಿದಂತಿತ್ತು. ನೆಂಟರು ಬಂದರೆ ನಮ್ಮನ್ನು ಮಾತಾಡಿಸುವ ಮೊದಲು ತಮ್ಮ ಗಿಡಕ್ಕೆ ಹೋಗುತ್ತಿದ್ದರು. ತಮ್ಮದಕ್ಕೆ ಮಾತ್ರ ಒಂದು ಕೊಡ ನೀರು ಹಾಕಿ, ಪಕ್ಕದ ನೆಂಟರ ಗಿಡದ ಒಂದು ರೆಂಬೆಯನ್ನು ಯಾರೂ ನೋಡದಾಗ ಚಿವುಟಿ ಬರುತ್ತಿದ್ದರು. ಪ್ಲಾಸ್ಟಿಕ್ ಗಿಡ ಬಿಸಿಲಿಗೆ ಬಿಳಿಚಿ ಒಂದು ಗಾಳಿಗೆ ಹಾರಿ ಹೋಯಿತು. ಆ ಜಾಗ ಖಾಲಿ ಉಳಿಯಿತು. ತಂದವನು ಬಂದಾಗ ಬಹಳ ಬೇಜಾರು ಮಾಡಿಕೊಂಡು, ಸರಿಯಾಗಿ ನೋಡಿಕೊಂಡಿಲ್ಲ ಎಂದು ನನ್ನನ್ನೇ ಬೈದ. ನುಗ್ಗಿ ಮಾತ್ರ ಎರಡನೇ ಮಳೆಗಾಲದ ಹೊತ್ತಿಗೆ ಎಲ್ಲರ ತಲೆ ಮೀರಿ ನೆಟ್ಟಗೆ ನಿಂತಿತ್ತು.

ಆ ನೆಟ್ಟಗಿನ ಕಾಂಡವೇ ಎಲ್ಲ ಅನಾಹುತಕ್ಕೆ ಕಾರಣ. ಶಕುಂತಲಾಳ ಅಣ್ಣ, ನನ್ನ ಭಾವ ಚನ್ನಬಸಪ್ಪ, ಸವಣೂರಿನ ಕಡೆ ಎಲೆತೋಟ ಮಾಡಿದವರು. ವೀಳ್ಯದೆಲೆ ಬೆಳೆಯುವವರ ಕಣ್ಣಿಗೆ ಲೋಕದಲ್ಲಿ ಎರಡೇ ವಸ್ತುಗಳಿವೆ. ಒಂದು ಬಳ್ಳಿ, ಇನ್ನೊಂದು ಬಳ್ಳಿ ಹಬ್ಬಿಸಬಹುದಾದದ್ದು. ಕರೆಂಟಿನ ಕಂಬ ಕಂಡರೂ ನಿಟ್ಟುಸಿರು ಬಿಡುವ ಮನುಷ್ಯ. ಅವರ ತೋಟದಲ್ಲಿ ಬಳ್ಳಿ ಹಬ್ಬಿಸುವುದೂ ನುಗ್ಗಿ ಗಿಡಕ್ಕೇ. ನಮ್ಮ ದಾರಿಯಲ್ಲಿ ಅಷ್ಟು ಒಳ್ಳೆಯ ನುಗ್ಗಿ ಬುಡದಲ್ಲಿ ತಂಪಿದ್ದೂ ಬರಿಮೈಯಲ್ಲಿ ನಿಂತದ್ದು ಅವರಿಗೆ ಸಹಿಸಲಾಗಲಿಲ್ಲ. ಮುಂದಿನ ಸಲ ಬರುವಾಗ ಬಳ್ಳಿ ತಂದು, ಬುಡದಲ್ಲಿ ನೆಟ್ಟು, ಬಾಳೆಯ ಪಟ್ಟಿಯಿಂದ ಕಾಂಡಕ್ಕೆ ಕಟ್ಟಿ ಹೋದರು. ಬಳ್ಳಿಗೆ ನಮ್ಮ ಮಣ್ಣು ಒಗ್ಗಿಬಿಟ್ಟಿತು. ಹೃದಯದಾಕಾರದ ಎಲೆಗಳು ಮೊಳಕಾಲಿನ ಮಟ್ಟದಿಂದ ತಲೆಯ ಮೇಲಿನವರೆಗೆ ಕಾಂಡವನ್ನು ಮುಚ್ಚಿ, ರೆಂಬೆಗಳಿಗೂ ಹತ್ತಿದವು.

ಅದರ ಜೊತೆ ಇನ್ನೊಂದು ಕಾಯಿದೆ ಬಂತು. ಎಲೆತೋಟದೊಳಗೆ ಚಪ್ಪಲಿ ಹಾಕಿಕೊಂಡು ಹೋಗುವ ಪದ್ಧತಿ ಅವರಲ್ಲಿಲ್ಲ. ತೋಟದ ಬಾಯಲ್ಲೇ ಬಿಟ್ಟು ಹೋಗಬೇಕು. ಒಂದು ಬಳ್ಳಿ ಇದ್ದರೂ ತೋಟ ತೋಟವೇ ಎಂದು ಭಾವ ತೀರ್ಮಾನ ಕೊಟ್ಟರು. ಶಕುಂತಲಾ ತವರಿನ ಪದ್ಧತಿಯೆಂದು ಗೇಟಿನ ಬಳಿ ಚಪ್ಪಲಿ ಬಿಡಲು ಒಂದು ಕಲ್ಲು ಹಾಸಿಸಿದಳು. ಅಂದಿನಿಂದ ನಮ್ಮ ದಾರಿಯಲ್ಲಿ ಅಂಚೆಯವನೂ ಬರಿಗಾಲಿನಲ್ಲೇ ಬರುತ್ತಾನೆ. ಬೇಸಗೆಯಲ್ಲಿ ಫರ್ಸಿ ಕಲ್ಲು ಕಾದರೆ, ಬೇವಿನ ನೆರಳಿನಿಂದ ನೇರಳೆಯ ನೆರಳಿಗೆ ಅವನು ಹಾರುವುದನ್ನು ನಾನು ಕಿಟಕಿಯಿಂದ ನೋಡುತ್ತೇನೆ. ನನಗೆ ನಗು ಬರುತ್ತದೆ, ಏನೋ ನೆನಪೂ ಬರುತ್ತದೆ.

ಅಕ್ಕ ಬಂದು ಬಳ್ಳಿಯನ್ನು ನೋಡಿದ ದಿನ ದುರದೃಷ್ಟವಶಾತ್ ಭಾವನೂ ಇದ್ದರು. ಅವಳು ಗಿಡದ ಸುತ್ತ ಒಂದು ಸುತ್ತು ಬಂದಳು. ಬಳ್ಳಿಯನ್ನು ಬೆರಳಿನಿಂದ ಸರಿಸಿ ತನ್ನ ಗಿಡದ ತೊಗಟೆ ಕಾಣುತ್ತದೆಯೇ ಎಂದು ನೋಡಿದಳು.

"ನನ್ನ ಗಿಡಕ್ಕ ಇದೇನು ಸುತ್ಕೊಂಡೈತಿ?"

"ಸುಮ್ನ ನಿಂತಿತ್ರಿ ಅಕ್ಕಾರ," ಎಂದರು ಭಾವ, ಬಹಳ ಪ್ರೀತಿಯಿಂದ. "ಅದಕ್ಕೊಂದು ಕೆಲಸ ಹಚ್ಚೀನಿ."

ಅವರು ಹೊಗಳುತ್ತಿದ್ದೇನೆ ಎಂದುಕೊಂಡಿದ್ದರು. ಎಲೆತೋಟದವರ ಬಾಯಿಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಅಕ್ಕನಿಗೆ ಕೇಳಿಸಿದ್ದು ಬೇರೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಆಯೇರಿ ಇನ್ನೊಬ್ಬರ ಬಳ್ಳಿಗೆ ಗೂಟವಾಯಿತು ಎಂದು. ಅವಳು ನನ್ನ ಕಡೆ ತಿರುಗಿ, ಈರಾ ನೀ ಏನಂತಿ, ಎಂದು ಕೇಳಿದಳು. ಇಂಥ ಹೊತ್ತಿನಲ್ಲಿ ಬುದ್ಧಿವಂತ ಗಂಡಸರು ಕೆಮ್ಮುತ್ತಾರೆ. ನಾನು ಡ್ರಾಯಿಂಗ್ ಮಾಸ್ತರ. ಒಂದು ಕಣ್ಣು ಮುಚ್ಚಿ ಗಿಡವನ್ನು ನೋಡಿ, ಬಳ್ಳಿ ಬಂದ ಮೇಲೆ ಗಿಡ ತುಂಬಿಕೊಂಡು ಚಂದ ಕಾಣುತ್ತದೆ ಎಂದೆ.

"ಹಂಗಾರ ನಿನ್ನ ಸಾಲಿನ ನೆರಳು ಇನ್ನ ನನ್ನ ಮೈಮ್ಯಾಲ ಬೀಳಬಾರದು," ಎಂದಳು ಅಕ್ಕ. ಎಂದವಳು ಅಲ್ಲಿಂದಲೇ ದಾರಿ ಬಿಟ್ಟು, ಪಕ್ಕದ ಹೊಲದ ಗೋವಿನಜೋಳದೊಳಗೆ ನುಗ್ಗಿ ಮರೆಯಾದಳು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ ಬಂದು ಚಹಾ ಕುಡಿಯುತ್ತ ಕೂತಿದ್ದಳು.

ಅಕ್ಕನ ಸಿಟ್ಟಿನಲ್ಲಿ ಒಂದು ಶಿಸ್ತಿದೆ. ಅವಳು ಆಡಿದ ಮಾತಿಗೆ ತಪ್ಪುವುದಿಲ್ಲ, ಆಡದ ಮಾತಿಗೆ ಸಿಕ್ಕಿಬೀಳುವುದೂ ಇಲ್ಲ. ಮನೆಗೆ ಬರುವುದಿಲ್ಲ ಎಂದು ಅವಳು ಹೇಳಿರಲಿಲ್ಲ. ಆದ್ದರಿಂದ ಮೊದಲಿಗಿಂತ ಹೆಚ್ಚು ಬರತೊಡಗಿದಳು. ಬಸ್ಸಿಳಿದು, ಗೇಟನ್ನು ಕಣ್ಣೆತ್ತಿಯೂ ನೋಡದೆ, ಪಕ್ಕದ ಹೊಲದ ಬದುವಿನ ಮೇಲೆ ನಡೆದು ಹಿತ್ತಲಿಗೆ. ತಲೆಯಲ್ಲಿ ಜೋಳದ ಸೂಲಂಗಿಯ ಎಳೆ, ಸೀರೆಗೆ ಉತ್ತರಾಣಿ ಕಡ್ಡಿ, ಮಂಡಿ ಹಿಡಿದುಕೊಂಡು ಉಸ್ಸೆಂದು ಕೂರುವುದು. ನನ್ನ ಗಿಡ ಹೆಂಗೈತಿ ಎಂದು ಕೇಳುವುದು ಮಾತ್ರ ತಪ್ಪುತ್ತಿರಲಿಲ್ಲ. ಅದರ ಕಾಯಿಯ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದಳು.

ನನಗೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಯಾರ ಕಾಲಿಗೆ ನೆರಳಾಗಲಿ ಎಂದು ಮನೆಯನ್ನೇ ಹಿಂದಕ್ಕೆ ತಳ್ಳಿ ದಾರಿ ಮಾಡಿದೆನೋ, ಅವಳೊಬ್ಬಳನ್ನು ಬಿಟ್ಟು ಅಂಚೆಯವನು, ಹಾಲಿನವಳು, ನಾಯಿ, ಎಮ್ಮೆ ಎಲ್ಲ ಅದರ ಮೇಲೆ ಓಡಾಡುತ್ತಿದ್ದವು. ಬಳ್ಳಿ ಬಿಡಿಸಿಬಿಡೋಣವೇ ಎಂದು ಭಾವನಿಗೆ ಫೋನ್ ಮಾಡಿ ಕೇಳಿದೆ. ಎಲೆ ಬಿಡುತ್ತಿರುವ ಬಳ್ಳಿಯನ್ನು ಕೀಳುವ ಮಾತು ಕೇಳಿದ್ದೇ ತಡ, ತಂಗಿಗೆ ಫೋನ್ ಕೊಡ್ರಿ, ಎಂದರು. ತಂಗಿ ನನ್ನ ಜೊತೆ ಎರಡು ದಿನ ಮಾತು ಬಿಟ್ಟಳು.

ಈ ನಡುವೆ ಶಕುಂತಲಾ ಒಂದು ವಿಷಯ ಪತ್ತೆ ಹಚ್ಚಿದಳು. ಅಕ್ಕ ಬಂದು ಹೋದ ದಿನ ಬಳ್ಳಿಯ ಹೊಲದ ಕಡೆಯ ಮಗ್ಗುಲಲ್ಲಿ, ಕೈಗೆಟಕುವ ಎತ್ತರದಲ್ಲಿ, ಒಳ್ಳೊಳ್ಳೆಯ ಎಲೆಗಳು ಮಾಯವಾಗಿರುತ್ತಿದ್ದವು. ಅಕ್ಕನ ಸೊಂಟದ ಎಲೆಸಂಚಿ ಬರುವಾಗ ಚಪ್ಪಟೆ, ಹೋಗುವಾಗ ಉಬ್ಬು. ಅವಳು ಬರುವುದು ಮುಂಜಾನೆ. ಆಗ ಮರಗಳ ನೆರಳು ಆ ಕಡೆ ಬೀಳುತ್ತದೆ, ಜೋಳದ ಹೊಲ ಈ ಕಡೆ. ಪ್ರತಿಜ್ಞೆಗೆ ಎಲ್ಲಿಯೂ ಭಂಗವಿಲ್ಲ. ನಾವಿಬ್ಬರೂ ಆಕೆಯ ಕೆಂಪು ತುಟಿಗಳನ್ನು ನೋಡಿಯೂ ನೋಡದವರಂತೆ ಇದ್ದೆವು.

ಈ ವರ್ಷ ಬೇಸಗೆಯಲ್ಲಿ ಪಕ್ಕದ ಹೊಲದವನು ಕೊಯ್ಲು ಮುಗಿಸಿ ಸುತ್ತಲೂ ಮುಳ್ಳುತಂತಿ ಹಾಕಿಸಿಬಿಟ್ಟ. ನನಗೆ ಒಳಗೊಳಗೇ ಭಯವಾಯಿತು. ಅಕ್ಕನಿಗೆ ಇನ್ನು ಉಳಿದ ದಾರಿ ಒಂದೇ. ಬಂದರೆ ಸಾಲಿನೊಳಗೆ ಬರಬೇಕು, ಇಲ್ಲದಿದ್ದರೆ ಬರುವುದನ್ನೇ ಬಿಡಬೇಕು. ಮಾತಿಗೆ ತಪ್ಪುವವಳಲ್ಲ ಎಂಬುದು ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆ ತಂತಿಯನ್ನು ನೋಡಿದಾಗಲೆಲ್ಲ ನನಗೆ ಅಕ್ಕ ಕೈತಪ್ಪಿದಳು ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ದುಂಡಸಿ ಬಸ್ಸು ನಿಂತು ಹೋದ ಸದ್ದಾಯಿತು. ಬಾಗಿಲಿಗೆ ಬಂದು ನೋಡಿದರೆ ಗೇಟಿನ ಹೊರಗೆ ಅಕ್ಕ. ಅವಳು ಮುಳ್ಳುತಂತಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ರಸ್ತೆಯ ಕಡೆ ತಿರುಗಿದಳು. ಅದೇ ಬಸ್ಸು ದುಂಡಸಿಗೆ ಹೋಗಿ ತಿರುಗಿ ಬರುತ್ತದೆ, ಹತ್ತಿದರೆ ಶಿಗ್ಗಾಂವ, ಅಲ್ಲಿಂದ ಮುಂದೆ ಅವಳ ಊರು. ಹೋಗಿ ಕರಕೊಂಡು ಬರ್ರಿ ಎಂದು ಶಕುಂತಲಾ ನನ್ನನ್ನು ತಿವಿದಳು. ನಾನು ಅಲುಗಲಿಲ್ಲ. ಕರೆದರೆ ಅವಳು ಖಂಡಿತ ಹೋಗಿಬಿಡುತ್ತಾಳೆ. ಬಳ್ಳಿ ನೋಡಲು ಮುಂಜಾನೆಯೇ ಬಂದಿದ್ದ ಭಾವ ನಮ್ಮ ಹಿಂದೆ ಬಂದು ನಿಂತಿದ್ದರು.

ಅಕ್ಕ ಬಹಳ ಹೊತ್ತು ನಿಂತಳು. ಆಮೇಲೆ ಗೇಟು ತೆಗೆದಳು. ಕಲ್ಲಿನ ಮೇಲೆ ಚಪ್ಪಲಿ ಬಿಟ್ಟಳು. ಸಿಟ್ಟು ಸವಣೂರಿನವರ ಮೇಲೆ, ಬಳ್ಳಿಯ ಮೇಲೆ ಅಲ್ಲವಲ್ಲ. ಬಗಲಲ್ಲಿದ್ದ ಕರಿ ಛತ್ರಿಯನ್ನು ತೆಗೆದು, ಬೇವಿನ ದಟ್ಟ ನೆರಳಿನ ಕೆಳಗೆ ನಿಂತು, ಟಪ್ಪೆಂದು ಬಿಚ್ಚಿದಳು.

ಸಾಲಿನ ನೆರಳು ಮೈಮೇಲೆ ಬೀಳಬಾರದು ಎಂದಿದ್ದಳಲ್ಲ. ಬೀಳಲಿಲ್ಲ. ಛತ್ರಿಯ ಮೇಲೆ ಬಿತ್ತು. ಬೇವಿನ ಕೆಳಗೆ, ನೇರಳೆಯ ಕೆಳಗೆ, ಪೇರಲದ ಕೆಳಗೆ, ಬಿಸಿಲಿನ ಒಂದು ಚೂರೂ ಇಲ್ಲದ ತಂಪಿನಲ್ಲಿ ನನ್ನ ಅಕ್ಕ ಬಿಚ್ಚಿದ ಛತ್ರಿ ಹಿಡಿದು, ತಲೆ ಎತ್ತಿ, ಸಾವಕಾಶವಾಗಿ ನಡೆದು ಬಂದಳು. ಶಕುಂತಲಾ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನನಗೆ ನಗು ಬರಲಿಲ್ಲ. ನನ್ನ ದಾರಿಯ ಮೇಲೆ ಕೊನೆಗೂ ನನ್ನ ಅಕ್ಕ ನಡೆಯುತ್ತಿದ್ದಳು.

ನುಗ್ಗಿ ಗಿಡದ ಬುಡಕ್ಕೆ ಬಂದು ನಿಂತಳು. ಅವಳೇ ಆರಿಸಿದ, ಉಸಿರು ತಿರುಗುವ ಜಾಗ. ಮೇಲೆ ನೋಡಿದಳು. ಛತ್ರಿ ಮಡಚಿದಳು. ಎಲ್ಲರಿಗೂ ಕೇಳುವಂತೆ ಹೇಳಿದಳು.

"ಇದು ನನ್ನ ಗಿಡ. ಇದರ ನೆರಳು ಸಾಲಿಂದಲ್ಲ."

ನಾನು ತಡೆಯಲಾರದೆ ಅವಳ ಕಡೆ ಓಡಿದೆ. ನಮ್ಮ ಮನೆಯ ಕಾಯಿದೆಯಂತೆ ಬರಿಗಾಲು. ಪ್ಲಾಸ್ಟಿಕ್ ಗಿಡ ಹಾರಿಹೋದ ಖಾಲಿ ಜಾಗದ ಹತ್ತಿರ ಬಂದಾಗ ನಡುಮಧ್ಯಾಹ್ನದ ಬಿಸಿಲು ನೇರ ಕಲ್ಲಿನ ಮೇಲೆ ಬಿದ್ದಿತ್ತು. ಫರ್ಸಿ ಹಂಚಿನಂತೆ ಕಾದಿತ್ತು. ಮುಂದೆ ಹೋಗಲಾರದೆ ಹಿಂದೆ ಬರಲಾರದೆ, ಅರವತ್ತು ದಾಟಿದ ನಾನು ಲುಂಗಿ ಎತ್ತಿ ಹಿಡಿದು ಅಲ್ಲೇ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕುಣಿಯತೊಡಗಿದೆ. ಅಕ್ಕ ನನ್ನನ್ನು ನೋಡಿದಳು. ಸಿಟ್ಟು ಅವಳ ಮುಖದಿಂದ ಎತ್ತ ಹೋಯಿತೋ, ನನಗೆ ಕಾಣಲಿಲ್ಲ.

"ಓಡಿ ಬಾರೋ ಈರಾ, ಕಾಲು ಸುಡ್ತಾವ."

ಓಡಿದೆ. ಗಿಡದ ಕೆಳಗೆ ಅವಳ ಮಗ್ಗುಲಿಗೆ ನಿಂತು ಏದುಸಿರು ಬಿಟ್ಟೆ. ನುಗ್ಗಿ ಎಲೆ ಎಷ್ಟು ಸಣ್ಣದೆಂದು ನಿಮಗೆ ಗೊತ್ತು, ಅದರ ಸಂದಿನಿಂದ ಬಿಸಿಲು ಸೋರುತ್ತದೆ. ನಮ್ಮಿಬ್ಬರ ಮೇಲಿದ್ದ ತಂಪು ನೆರಳು ರೆಂಬೆಗಳ ತುಂಬ ಹಬ್ಬಿದ್ದ ಸವಣೂರಿನ ಬಳ್ಳಿಯದು. ನನಗೆ ಅದು ಕಂಡಿತು. ಹಿಂದಿನಿಂದ ಅಂಜುತ್ತ ಬಂದು ದೂರದಲ್ಲಿ ನಿಂತ ಭಾವನಿಗೂ ಕಂಡಿತು. ಅವರು ಬಾಯಿ ತೆಗೆದಾಗ, ನೆರಳು ತಮ್ಮ ಬಳ್ಳಿಯದೆಂದು ಹೇಳಿಯೇಬಿಡುತ್ತಾರೆ ಎಂದುಕೊಂಡೆ. ಆದರೆ ಆ ಮನುಷ್ಯ ಜಾಣ. ಅಂಗಿಯ ಕಿಸೆಯಿಂದ ಸುಣ್ಣದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು.

"ಸುಣ್ಣ ಬೇಕೇನ್ರಿ ಅಕ್ಕಾರ?"

ಅಕ್ಕ ಕೈ ಎತ್ತಿ ಒಂದು ಎಲೆ ಹರಿದಳು. ಸೆರಗಿಗೆ ಒರೆಸಿದಳು. ಅವರ ಮುಖ ನೋಡದೆ ಎಲೆಯನ್ನು ಅವರ ಕಡೆ ಚಾಚಿದಳು. ಭಾವ ಬೆರಳ ತುದಿಯಿಂದ ಸುಣ್ಣ ಸವರಿದರು. ನೆರಳು ಯಾರದೆಂದು ಮಾತ್ರ ಯಾರೂ ಹೇಳಲಿಲ್ಲ. ನನ್ನ ಕಾಲುಗಳು ತಣ್ಣಗಾಗಿದ್ದವು. ತಲೆ ಬಗ್ಗಿಸಿ ಅಕ್ಕನ ಕಾಲು ನೋಡಿದೆ. ಅವೂ ನೆರಳಿನೊಳಗೇ ಇದ್ದವು.